ಮೂರು ಸೆಕೆಂಡಿನ ಮೌನ

ಇಂದಿರಾನಗರದ ಆ ಹೋಟೆಲಿನ ಸಭಾಂಗಣದಲ್ಲಿ, ಕಾಯಿಲೆ ಬಿದ್ದವರಿಗೆ ತಮ್ಮ ಕಾಯಿಲೆಯ ಬಗ್ಗೆ ಅಧಿಕಾರಿಗಳ ಮುಂದೆ ಮಾತನಾಡುವುದನ್ನು ಕಲಿಸಲಾಗುತ್ತಿತ್ತು. ಎರಡು ದಿನದ ತರಬೇತಿ. ಕೊರಳಿಗೆ ಹಳದಿ ದಾರದ ಗುರುತಿನ ಚೀಟಿ, ಅದರಲ್ಲಿ ಹೆಸರು, ಹೆಸರಿನ ಕೆಳಗೆ 'ಆರೋಗ್ಯ ವಕ್ತಾರೆ'. ಎಸಿ ಎಷ್ಟು ಜೋರಾಗಿತ್ತೆಂದರೆ, ಬಂದಿದ್ದ ಇಪ್ಪತ್ತು ಹೆಂಗಸರಲ್ಲಿ ಆರು ಜನ ಮೊದಲ ಮಧ್ಯಾಹ್ನವೇ ಸೀನತೊಡಗಿದ್ದರು.

ಎರಡು ದಿನದ ಸಂಬಳ ಬಿಟ್ಟು ಬಂದ ಉಮ್ಮೆ ಕುಲ್ಸುಂ ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ಮನೆ ಶಿವಾಜಿನಗರ, ಕೆಲಸ ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ, ಬಿಡಿಭಾಗಗಳನ್ನು ಡಬ್ಬಕ್ಕೆ ತುಂಬುವುದು. ಅವಳಿಗೆ ಬೇಕಾಗಿದ್ದದ್ದು ಒಂದೇ, ಕೆಲಸ ಮುಗಿದ ಮೇಲೆ ಮಾತ್ರೆ ಸಿಗುವುದು. ಅವಳ ಗಲ್ಲಿಯ ಆರೋಗ್ಯ ಕೇಂದ್ರ ಸಂಜೆ ನಾಲ್ಕೂವರೆಗೆ ಬಾಗಿಲು ಹಾಕುತ್ತಿತ್ತು. ಅವಳು ಬಸ್ಸಿಳಿಯುವಾಗ ಏಳು. ಭಾನುವಾರ ಕೇಂದ್ರಕ್ಕೂ ರಜೆ. ಸಕ್ಕರೆ ಕಾಯಿಲೆಯ ಮಾತ್ರೆ ಬೇಕೆಂದರೆ ಕೆಲಸ ತಪ್ಪಿಸಬೇಕು. ಹೋದ ತಿಂಗಳು ತಪ್ಪಿಸಲಿಲ್ಲ. ಮಾತ್ರೆಯಿಲ್ಲದೆ ಯಂತ್ರದ ಪಕ್ಕದಲ್ಲೇ ತಲೆ ತಿರುಗಿ ಬಿದ್ದಳು. ಇನ್ನೊಮ್ಮೆ ಬಿದ್ದರೆ ಮತ್ತೆ ಬರುವುದು ಬೇಡ ಎಂದು ಸೂಪರ್‌ವೈಸರ್ ಹೇಳಿದ್ದ.

"ನಿಮ್ಮ ಕಥೇಲಿ ಯಾರಾದ್ರೂ ತೀರ್ಕೊಂಡಿದಾರಾ?" ತರಬೇತಿ ಕೊಡುವ ರಮ್ಯ ಕೇಳಿದಳು, ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳುವಷ್ಟು ಮೃದುವಾಗಿ.

"ಇಲ್ಲ ಮೇಡಂ. ನಾನೇ ಬಿದ್ದಿದ್ದು. ಆಮೇಲೆ ಎದ್ದೆ."

"ಪರ್ವಾಗಿಲ್ಲ ಬಿಡಿ," ಎಂದಳು ರಮ್ಯ. ಎದ್ದದ್ದು ಅವಳಿಗೆ ಅಷ್ಟಾಗಿ ಹಿಡಿಸಲಿಲ್ಲ.

ಪಕ್ಕದಲ್ಲಿದ್ದ ಕೆ.ಆರ್. ಪುರದ ಆಂಜನಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಎದ್ದು ಕೆಡಿಸ್ಬಿಟ್ಟೆ ಕಣಮ್ಮ ಕುಲ್ಸುಮ್ಮ. ಇನ್ನೊಂದು ಸ್ವಲ್ಪ ಹೊತ್ತು ಬಿದ್ದಿರ್ಬೇಕಿತ್ತು." ಆಂಜನಮ್ಮನ ಮನೆಯವರು ಹೊಲ ಮಾರಿ ಮೂರು ಮಹಡಿ ಎಬ್ಬಿಸಿದ್ದರು. ಬಾಡಿಗೆಗಿರುವವರ ಮಕ್ಕಳಿಗೆ ಲಸಿಕೆ ಹಾಕಲು ವಾರಕ್ಕೊಮ್ಮೆಯಾದರೂ ನರ್ಸ್ ಬರಲಿ ಎಂಬುದು ಅವಳ ಬೇಡಿಕೆ.

ಎರಡನೆಯ ದಿನ ರಮ್ಯ ದೊಡ್ಡ ಗುಟ್ಟು ಬಿಚ್ಚಿದಳು. ಮೊದಲು ಕಥೆ. ಕಥೆಯ ಕೊನೆಗೆ ಅತ್ಯಂತ ದುಃಖದ ವಾಕ್ಯ. ಆಮೇಲೆ ಮೂರು ಸೆಕೆಂಡು ಮೌನ. ಅಷ್ಟರಲ್ಲಿ ಅಧಿಕಾರಿಯ ಮನಸ್ಸು ಕರಗಿರುತ್ತದೆ, ಆಗ ಬೇಡಿಕೆ. ಕೈಯಲ್ಲಿ ಮೊಬೈಲು ಹಿಡಿದು ಅವಳು ಸೆಕೆಂಡು ಎಣಿಸಿದಳು. ಇಪ್ಪತ್ತು ಹೆಂಗಸರು ಒಟ್ಟಿಗೆ ಸುಮ್ಮನಾದರು, ಒಟ್ಟಿಗೆ ಬಾಯಿ ತೆರೆದರು.

ಕುಲ್ಸುಂ ಮಾತ್ರ ಸುಮ್ಮನೇ ಇದ್ದಳು.

"ಕುಲ್ಸುಂ ಅವ್ರೇ, ಹನ್ನೊಂದು ಸೆಕೆಂಡಾಯ್ತು."

ಕುಲ್ಸುಂ ತಲೆ ತಗ್ಗಿಸಿದಳು. ಯಂತ್ರದ ಮುಂದೆ ದಿನಕ್ಕೆ ಎಂಟು ಗಂಟೆ ಬಾಯಿ ಬಿಡದವಳಿಗೆ ಮೂರೇ ಸೆಕೆಂಡು ಸುಮ್ಮನಿರುವ ಅಭ್ಯಾಸ ತಪ್ಪಿಹೋಗಿತ್ತು.

ಮರುವಾರ, ಆಯ್ದ ಐವರು ಹಲಸೂರಿನ ಕಚೇರಿಯಲ್ಲಿ ಆರೋಗ್ಯಾಧಿಕಾರಿ ಮುನೀಂದ್ರರ ಎದುರು ನಿಂತರು. ಮುನೀಂದ್ರರೂ ಒಂದು ತರಬೇತಿ ಪಡೆದವರೇ, ಅದು ಇಪ್ಪತ್ತೆಂಟು ವರ್ಷದ ನೌಕರಿಯದು. ಎದುರಿಗಿದ್ದವರು ಉಸಿರು ಎಳೆದುಕೊಳ್ಳಲು ನಿಂತರೂ ಸಾಕು, ಮಾತು ಮುಗಿಯಿತೆಂದು ಅವರ ಕಿವಿ ತೀರ್ಮಾನಿಸುತ್ತಿತ್ತು.

ಮೊದಲು ಆಂಜನಮ್ಮ. ಲಸಿಕೆ ತಪ್ಪಿ ದಡಾರ ಬಂದ ಮಗುವಿನ ಕಥೆ ಹೇಳಿದಳು. "ಹದಿನಾಲ್ಕು ದಿನ ಆ ಮಗು ಕಣ್ಣೇ ಬಿಡ್ಲಿಲ್ಲ ಸಾರ್." ಸುಮ್ಮನಾದಳು. ಒಂದು. ಎರಡು.

"ಬಹಳ ಬೇಜಾರಿನ ವಿಷ್ಯ. ಗಮನಕ್ಕೆ ತಂದಿದ್ದು ಒಳ್ಳೇದಾಯ್ತು. ಮುಂದಿನವರು ಬನ್ನಿ."

"ಸಾರ್, ನನ್ನ ಬೇಡಿಕೆ..."

"ಬರೆದು ಕೊಟ್ಟು ಹೋಗಿ ತಾಯಿ."

ಎರಡನೆಯವಳದೂ ಎರಡನೇ ಸೆಕೆಂಡಿಗೇ ಮುಗಿಯಿತು. ಮೂರನೆಯವಳು ಮೌನವನ್ನು ಒಂದೇ ಸೆಕೆಂಡಿಗೆ ನಿಲ್ಲಿಸಲು ನೋಡಿದಳು. ಸಾಹೇಬರು ಅದಕ್ಕಿಂತ ಚುರುಕು. ಗೋಡೆಯ ಬಳಿ ನಿಂತಿದ್ದ ರಮ್ಯ ಬಾಯಿ ತೆರೆಯುವಂತಿರಲಿಲ್ಲ. ತರಬೇತಿ ಕೊಟ್ಟವರು ನಡುವೆ ಬಾಯಿ ಹಾಕಬಾರದೆಂಬ ನಿಯಮ ಮಾಡಿದ್ದವಳು ಅವಳೇ.

ನಾಲ್ಕನೆಯದು ಕುಲ್ಸುಂ. ಅವಳು ಕಥೆಯನ್ನು ಬಿಟ್ಟೇಬಿಟ್ಟಳು.

"ನಮ್ಮ ಗಲ್ಲಿ ಕೇಂದ್ರ ಎಂಟು ಗಂಟೆವರ್ಗೂ ತೆರೆದಿರ್ಬೇಕು ಸಾಬ್. ನಾನು ಬರೋದೇ ಏಳಕ್ಕೆ."

ಅಷ್ಟು ಹೇಳಿ ಸುಮ್ಮನಾದಳು.

"ಆಯ್ತಮ್ಮ, ಗಮನಕ್ಕೆ ಬಂತು. ಮುಂದಿನವರು."

ಮುಂದಿನವಳಾದ ಬುಷ್ರಾ ಬರುವಂತಿರಲಿಲ್ಲ, ಕುಲ್ಸುಂ ಅಲುಗಿರಲಿಲ್ಲ. ಮುನೀಂದ್ರ ಒಂದು ಫೈಲು ತೆರೆದರು, ಮುಚ್ಚಿದರು. ಟೀ ಬಂತು. ಅರ್ಧ ಕುಡಿದು ತಲೆಯೆತ್ತಿದರೆ ಅವಳು ಅಲ್ಲೇ ಇದ್ದಳು, ಅವರನ್ನೇ ನೋಡುತ್ತ. ಅವಳ ನೋಟದಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಳ್ಳುವ ದೈನ್ಯವೂ ಇರಲಿಲ್ಲ. ಡಬ್ಬ ತುಂಬುವವರೆಗೆ ಕಾಯುವವಳಂತೆ ನಿಂತಿದ್ದಳು.

"ಸಿಬ್ಬಂದಿ ಇಲ್ಲಮ್ಮ."

ಕುಲ್ಸುಂ ಮಾತಾಡಲಿಲ್ಲ.

"ಡಾಕ್ಟ್ರು ಒಪ್ಪಲ್ಲ ಇದಕ್ಕೆಲ್ಲ."

ಗೋಡೆ ಗಡಿಯಾರದ ಸದ್ದು ಅಷ್ಟು ಜೋರಾಗಿದೆಯೆಂದು ಆ ಕಚೇರಿಯಲ್ಲಿ ಯಾರಿಗೂ ಅದುವರೆಗೆ ಗೊತ್ತಿರಲಿಲ್ಲ.

"ದಿನಾ ಅಂತೂ ಆಗಲ್ಲ, ಈಗ್ಲೇ ಹೇಳಿರ್ತೀನಿ." ಟೀ ಲೋಟವನ್ನು ಪಕ್ಕಕ್ಕೆ ಸರಿಸಿದರು. "ವಾರಕ್ಕೊಂದು ದಿನ ನೋಡ್ಬಹುದೇನೋ. ಮಂಗಳವಾರ. ಮಾತ್ರೆ ಕೊಡೋದಷ್ಟೇ. ಸಾಕಾ?"

"ಬರೆದು ಕೊಡಿ ಸಾಬ್," ಎಂದಳು ಕುಲ್ಸುಂ.

ಮುನೀಂದ್ರ ಪೆನ್ನು ಹುಡುಕಿದರು. ಹಿಂದಿನಿಂದ ಆಂಜನಮ್ಮ ತನ್ನದನ್ನು ಚಾಚಿದಳು. "ಹಂಗೇ ನಮ್ಮ ನರ್ಸಮ್ಮಂದೂ ಒಂದು ಸಾಲು ಸಾರ್," ಎಂದವಳೇ ಕುಲ್ಸುಂ ಪಕ್ಕ ಬಂದು ತುಟಿ ಬಿಗಿದು ನಿಂತಳು.

ರಮ್ಯಳ ಸಂಸ್ಥೆಯ ವರದಿಯಲ್ಲಿ ಇದು 'ತರಬೇತಿಯಲ್ಲಿ ಕಲಿಸಿದ ಮೌನತಂತ್ರದ ಯಶಸ್ಸು' ಎಂದು ದಾಖಲಾಯಿತು, ಬಣ್ಣದ ಫೋಟೋ ಸಮೇತ. ಎರಡು ತಿಂಗಳ ನಂತರ ಒಂದು ಸಂಜೆ ಅವಳು ಫೋನು ಮಾಡಿದಳು.

"ಕುಲ್ಸುಂ ಅವ್ರೇ, ಹೊಸ ಬ್ಯಾಚ್ ಬರ್ತಿದೆ. ಮೌನದ ಬಗ್ಗೆ ನೀವೇ ನಲವತ್ತು ನಿಮಿಷ ಮಾತಾಡ್ಬೇಕು. ಮುಂದಿನ ಮಂಗಳವಾರ, ತರಗತಿ ಸಂಜೆ ಐದರಿಂದ ಎಂಟು."

ಕುಲ್ಸುಂ ಆಗ ಗಲ್ಲಿಯ ಆರೋಗ್ಯ ಕೇಂದ್ರದಲ್ಲಿ ಸಾಲಿನಲ್ಲಿದ್ದಳು, ಚೀಟಿ ಹಿಡಿದು, ಬೆನ್ನಿನ ಚೀಲ ಇಳಿಸದೆ. ಮುಂದೆ ಇಬ್ಬರಿದ್ದರು. ಅವಳು ಉತ್ತರಿಸಲಿಲ್ಲ.

"ಹಲೋ? ಕೇಳಿಸ್ತಿದೆಯಾ?"

ಸಾಲು ಒಂದು ಹೆಜ್ಜೆ ಮುಂದೆ ಹೋಯಿತು.

"ಮಂಗಳವಾರ ಕಷ್ಟ ಆಗತ್ತಾ?" ರಮ್ಯಳ ಧ್ವನಿ ಸಣ್ಣದಾಗುತ್ತ ಬಂತು. "ಹಾಗಾದ್ರೆ ಬುಧವಾರ ಇಟ್ಕೊಳ್ಳೋಣ. ಇಲ್ಲಾ... ನಾವೇ ನಿಮ್ಮ ಗಲ್ಲಿಗೆ ಬರ್ಲಾ?"

ಕಿಟಕಿಯಲ್ಲಿ ಕುಲ್ಸುಂಳ ನಂಬರು ಕೂಗಿದರು. ಅವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು, ಎರಡೂ ಕೈ ಚಾಚಿ ಮಾತ್ರೆ ಇಸಿದುಕೊಂಡಳು.