ಬಿಟ್ಟುಹೋದ ಒಂದು ಅಕ್ಷರ

ಕುಷ್ಟಗಿಯ ಒಕ್ಕಲು ಮನೆತನದ ಹುಲಗೆಮ್ಮ ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ವಿಜ್ಞಾನಿಯಾಗಿದ್ದಳು. ಅಲ್ಲಿ ಡಿಎನ್‌ಎಯನ್ನು ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳ ಉದ್ದನೆಯ ಸಾಲಾಗಿ ಬರೆದುಕೊಳ್ಳುತ್ತಿದ್ದರು. ಆ ಸಾಲನ್ನು ಮೂರು ಮೂರು ಅಕ್ಷರವಾಗಿ ಓದಿ, ಅದರಿಂದ ಯಾವ ಪ್ರೋಟೀನು ಆಗುತ್ತದೆಂದು ಹೇಳುವ ಕಂಪ್ಯೂಟರ್ ಪ್ರೋಗ್ರಾಮೊಂದನ್ನು ಅವಳು ಎರಡು ವರ್ಷ ಕೂತು ಬರೆದಿದ್ದಳು. 1986ರ ಬೇಸಿಗೆಯಲ್ಲಿ ಭತ್ತದ ಒಂದು ಜೀನನ್ನು ಕೊಟ್ಟಾಗ ಅದು ಅರ್ಧದವರೆಗೆ ಸರಿಯಾಗಿ ಓದಿ, ಆಮೇಲೆ ಏನೇನೋ ಹೇಳತೊಡಗಿತು. ಇದನ್ನು ಬಿಟ್ಟು ಕೈಯಿಂದಲೇ ಮಾಡೋಣ ಎಂದರು ಮೇಲಿನವರು. ಅವಳು ಒಂದು ವಾರ ಸಮಯ ಕೇಳಿದಳು. ಕಂಪ್ಯೂಟರ್ ಕೋಣೆಯಲ್ಲಿ ಅಷ್ಟರೊಳಗೆ ಅವಳ ಸರದಿ ಇರಲಿಲ್ಲ. ಪ್ರೋಗ್ರಾಮು, ಟೈಪು ಮಾಡಿದ ಅಕ್ಷರಗಳು, ಅವುಗಳ ಮೂಲವಿದ್ದ ನೋಟುಬುಕ್ಕಿನ ಪ್ರತಿ, ಎಲ್ಲವೂ ಇದ್ದ ಕಾಗದದ ಕಟ್ಟು ಹಿಡಿದು ಊರಿಗೆ ಬಂದಳು.

ಮೂರು ದಿನ ಪಡಸಾಲೆಯಲ್ಲಿ ಕೂತು ಪ್ರೋಗ್ರಾಮಿನ ಒಂದೊಂದು ಸಾಲನ್ನೂ ನೋಡಿದಳು. ತಪ್ಪು ಸಿಗಲಿಲ್ಲ. ಸಿಗದಿದ್ದುದೇ ಅವಳನ್ನು ಹೆಚ್ಚು ಹೆದರಿಸಿತು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಹೊಲ ನೋಡಿಕೊಂಡಿದ್ದ ಅಕ್ಕ ಶಾಂತಕ್ಕ ಹತ್ತಿರ ಕೂತು ಏನಾಗಿದೆಯೆಂದು ಕೇಳಿ, ಪೂರಾ ಕೇಳಿಸಿಕೊಂಡಳು.

"ನೀ ಬರದದ್ದು ಸರಿ ಐತಿ ಅಂತಿ. ಹಂಗಾರ ಅದಕ್ಕ ಕೊಟ್ಟದ್ದು ಸರಿ ಐತೇನು?"

ಅಕ್ಷರಗಳನ್ನು ತಾನೇ ಟೈಪು ಮಾಡಿದ್ದರಿಂದ ಹುಲಗೆಮ್ಮನಿಗೆ ಆ ಕಡೆ ಸಂಶಯವೇ ಬಂದಿರಲಿಲ್ಲ. ಶಾಂತಕ್ಕನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ನಾಲ್ಕು ಅಕ್ಷರ ಕಲಿಯಲು ಅವಳಿಗೆ ಅರ್ಧ ತಾಸು ಸಾಕಾಯಿತು. ಪ್ರಯೋಗಾಲಯದ ನೋಟುಬುಕ್ಕಿನ ಪ್ರತಿಯ ಮೇಲೆ ಬೆರಳಿಟ್ಟು ಅವಳು ಓದುತ್ತ ಹೋದಳು. ತಂಗಿ ಕಂಪ್ಯೂಟರಿನ ಕಾಗದದ ಮೇಲೆ ಪೆನ್ಸಿಲು ಸರಿಸಿದಳು. ನಾನೂರು ಅಕ್ಷರ ದಾಟಿದ ಮೇಲೆ ಶಾಂತಕ್ಕ ಮೂರು ಸಲ ಜಿ ಅಂದಳು.

"ಎರಡ ಅದಾವಕ್ಕಾ."

"ಮೂರ ಅದಾವ, ಬಂದು ನೋಡು."

ಮೂರೇ ಇದ್ದವು. ಟೈಪು ಮಾಡುವಾಗ ಒಂದು ಬಿಟ್ಟುಹೋಗಿತ್ತು. ಅಲ್ಲಿಂದ ಮುಂದೆ ಪ್ರತಿ ಮೂರರ ಗುಂಪೂ ಒಂದೊಂದು ಅಕ್ಷರ ಸರಿದಿತ್ತು. ಪ್ರೋಗ್ರಾಮು ಕೊಟ್ಟದ್ದನ್ನೇ ಓದಿತ್ತು.

ಮರುದಿನ ಬೆಳಿಗ್ಗೆ ಅಂಚೆ ಕಚೇರಿಯಿಂದ ಟ್ರಂಕ್ ಕಾಲ್ ಹಚ್ಚಿ, ಹತ್ತಿರದ ಗಂಗಾವತಿಯವನಾದ ತನ್ನ ಪ್ರಯೋಗಾಲಯದ ಸಹೋದ್ಯೋಗಿ ಉಮರಸಾಬನಿಗೆ ಆ ಒಂದು ಜಿ ಎಲ್ಲಿ ಸೇರಿಸಬೇಕೆಂದು ಹೇಳಿದಳು. ಅವನು ತನ್ನ ಸರದಿಯಲ್ಲಿ ಅದನ್ನು ಓಡಿಸುವುದಾಗಿ ಒಪ್ಪಿದ. ಸಂಜೆ ನಾಲ್ಕಕ್ಕೆ ಮತ್ತೆ ಹೋಗಿ ಕಾದಳು. ಲೈನು ಸಿಕ್ಕಾಗ ಅವನ ದನಿ ದೂರದಿಂದ ಬಂತು.

"ಕೊನೀತನಕ ಸರಿ ಓದೇತ್ರಿ ಮೇಡಂ. ಸಾಹೇಬರೂ ನೋಡ್ಯಾರ."

ರಿಸೀವರು ಇಟ್ಟವಳು ಕಟ್ಟೆಗೆ ಆತು ನಿಂತು ಅತ್ತುಬಿಟ್ಟಳು. ಕೆಟ್ಟ ಸುದ್ದಿಯೇ ಎಂದು ಪೋಸ್ಟ್‌ಮಾಸ್ತರರು ಗಾಬರಿಯಾದರು. ಭಾಳ ಛಲೋ ಸುದ್ದಿರಿ ಎಂದು ಕಣ್ಣೊರೆಸಿಕೊಂಡಳು. ಮನೆಗೆ ಬಂದು ಹೇಳಿದಾಗ ಶಾಂತಕ್ಕ, "ಒಂದ ಅಕ್ಷರಕ್ಕ ಮೂರು ದಿನ ಮಾರಿ ಸಣ್ಣ ಮಾಡಿದ್ಯಲ್ಲ ಹುಲಗಿ" ಎಂದು ನಕ್ಕು ರೊಟ್ಟಿ ಬಡಿಯಲು ಹೋದಳು.

ಮುಂದಿನ ವರ್ಷ ಹುಲಗೆಮ್ಮ ಪ್ರೋಗ್ರಾಮಿಗೆ ಹೊಸದೊಂದು ಭಾಗ ಸೇರಿಸಿದಳು. ಇಬ್ಬರು ಬೇರೆ ಬೇರೆಯಾಗಿ ಟೈಪು ಮಾಡಿದ ಸಾಲುಗಳು ಒಂದೇ ಇದ್ದರೆ ಮಾತ್ರ ಅದು ಓದತೊಡಗುತ್ತಿತ್ತು. ಬೇರೆ ಎರಡು ಪ್ರಯೋಗಾಲಯದವರು ಪತ್ರ ಬರೆದು ಅದನ್ನು ತರಿಸಿಕೊಂಡರು.