ಯಾರ ಮನೆಯ ಗೋಡೆ

"ಹದಿಮೂರೂವರೆ," ಎಂದಳು ವರ್ನಾ ಟಾಲೆಫ್ಸನ್, ಜೆಲಟಿನ್ ದಿಮ್ಮಿಯ ಮೇಲಿಟ್ಟ ಟೇಪನ್ನು ಎತ್ತದೆಯೇ.

ದಿಮ್ಮಿಯ ಮುಂದೆ ಹಳೆಯ ಜೀನ್ಸ್ ಬಟ್ಟೆಯ ನಾಲ್ಕು ಪದರಗಳು ಇನ್ನೂ ಅಲ್ಲಾಡುತ್ತಿದ್ದವು. ಗುಂಡು ಅವನ್ನು ತೂರಿ, ಒಳಗೆ ಪಲ್ಟಿ ಹೊಡೆದು, ಹದಿಮೂರೂವರೆ ಅಂಗುಲದಲ್ಲಿ ನಿಂತಿತ್ತು. ಮನುಷ್ಯನ ಮೈಮಾಂಸದ ಬದಲಿಗೆ ಇಡುವುದು ಈ ಜೆಲಟಿನ್. ಹನ್ನೆರಡು ಅಂಗುಲ ಹೋಗದ ಗುಂಡು ಪೊಲೀಸರ ಕೆಲಸಕ್ಕೆ ಬಾರದು. ಹದಿನೆಂಟು ದಾಟಿತೋ, ಎದುರಿಗಿದ್ದವನನ್ನು ಬಿಟ್ಟು ಅವನ ಹಿಂದಿದ್ದವರನ್ನು ಹುಡುಕಿಕೊಂಡು ಹೋಗುತ್ತದೆ. ಹದಿಮೂರೂವರೆ ಎಂದರೆ ಒಳ್ಳೆಯ ಅಂಕ.

"ನಾನ್ ಹೇಳ್ಲಿಲ್ವಾ ಮೇಡಂ!" ಎಂದ ಟ್ರೆಂಟ್ ಕಾಲ್ವರ್ಟ್. ಪಿಸ್ತೂಲು ಕಂಪನಿಯ ಮಾರಾಟದವನು. ಮೊಂಟಾನಾದ ಏಪ್ರಿಲ್ ಗಾಳಿಗೆ ಸಾಲದ ತೆಳು ಕೋಟು ತೊಟ್ಟು ಬೆಳಗ್ಗೆಯಿಂದ ನಡುಗುತ್ತಿದ್ದರೂ ಬಾಯಿ ಮಾತ್ರ ಬಿಸಿಯಾಗಿತ್ತು. "ಸಣ್ಣ ಗುಂಡು, ಭಾರಿ ವೇಗ. ನಿಮ್ಮ ಈಗಿನ ಪಿಸ್ತೂಲಿನದು ಎತ್ತು ಇದ್ದಂಗೆ, ಇದು ಕುದುರೆ!"

"ಎತ್ತು, ಕುದುರೆ ಎಲ್ಲಾ ನಾನು ಸಾಕಿದೀನಿ. ಮುಂದಿನ ತೋಟಾ ಕೊಡಿ," ಎಂದಳು ವರ್ನಾ.

ಆಲ್ಡರ್ ಕೌಂಟಿಯ ಷರೀಫ್ ಕಚೇರಿಯಲ್ಲಿ, ಎಂದರೆ ಆ ಜಿಲ್ಲೆಯ ಪೊಲೀಸ್ ಕಚೇರಿಯಲ್ಲಿ, ಅವಳದು ಇಪ್ಪತ್ತೇಳು ವರ್ಷದ ನೌಕರಿ. ಅದರಲ್ಲಿ ಹದಿನೈದು ವರ್ಷ ಗುರಿ ಕಲಿಸುವುದು, ಬಂದೂಕು ಪರೀಕ್ಷಿಸುವುದು. ಅವಳ ಸಹಿ ಬೀಳದೆ ಯಾವ ಪಿಸ್ತೂಲೂ ಯಾರ ಸೊಂಟಕ್ಕೂ ಏರಿದ್ದಿಲ್ಲ. ಅವಳಿಗೆ ಪಿಸ್ತೂಲು ಮೆಚ್ಚಿಸುವುದು ಅತ್ತೆಗೆ ಅಡಿಗೆ ಮೆಚ್ಚಿಸಿದಷ್ಟೇ ಕಷ್ಟ ಎಂದು ಹುಡುಗರು ನಗುತ್ತಿದ್ದರು.

ಆದರೆ ಈ ಪಿಸ್ತೂಲು ಅವಳಿಗೆ ಮೆಚ್ಚುಗೆಯಾಗಿತ್ತು. ಸುಳ್ಳೇಕೆ? ತೋಟಾ ತೆಳ್ಳಗೆ, ಉದ್ದಕ್ಕೆ, ಕುತ್ತಿಗೆ ಸಣ್ಣದಾದ ಪುಟ್ಟ ಸೀಸೆಯ ಹಾಗಿತ್ತು. ಸದ್ದು ಕಿವಿ ಸೀಳುವಂತಿದ್ದರೂ ಕೈಗೆ ಒದೆತವೇ ಇಲ್ಲ. ಇಪ್ಪತ್ತು ಗಜದಿಂದ ಇಪ್ಪತ್ತು ಸುತ್ತು ಹಾರಿಸಿದಳು. ಇಪ್ಪತ್ತೂ ಒಂದು ಅಂಗೈಯಗಲದೊಳಗೆ ಬಿದ್ದವು. ಎರಡು ಸಲ ಶಸ್ತ್ರಚಿಕಿತ್ಸೆಯಾದ ಅವಳ ಬಲ ಮಣಿಕಟ್ಟು ಎಷ್ಟೋ ತಿಂಗಳ ಮೇಲೆ ಮೊದಲ ಸಲ ತೆಪ್ಪಗಿತ್ತು. ನೌಕರಿ ಉಳಿಯಬೇಕಾದರೆ ಅಕ್ಟೋಬರಿನಲ್ಲಿ ಎಲ್ಲರಂತೆ ಅವಳೂ ಗುರಿ ಪರೀಕ್ಷೆ ಪಾಸು ಮಾಡಬೇಕು. ಹಳೆಯ ಪಿಸ್ತೂಲಿನಲ್ಲಿ ಅದು ಆಗುವ ಮಾತಲ್ಲ ಎಂದು ಅವಳಿಗೂ ಗೊತ್ತು, ಷರೀಫ್ ಗೇಲನ್ ರಸ್ಕ್‌ಗೂ ಗೊತ್ತು.

"ಹೆಂಗಿದೆ?" ಎಂದು ಷರೀಫ್ ಕಾಫಿ ಲೋಟ ಹಿಡಿದು ಹತ್ತಿರ ಬಂದ.

"ಚೆನ್ನಾಗಿದೆ."

"ನಿನ್ನ ಬಾಯಲ್ಲಿ ಆ ಮಾತು ಬಂತಾ! ಇವತ್ತು ಮಳೆ ಬರುತ್ತೆ ಬಿಡು."

"ಗೋಡೆ ಇನ್ನೂ ಬಾಕಿ ಇದೆ ಗೇಲನ್."

ಷರೀಫನ ನಗು ಸ್ವಲ್ಪ ಇಳಿಯಿತು.

ಮೂರು ವರ್ಷದ ಹಿಂದೆ, ತಗಡಿನ ಗಾಡಿಮನೆಗಳು ಒತ್ತೊತ್ತಾಗಿ ನಿಂತ ಪ್ರೇರಿ ರೋಸ್ ಟ್ರೇಲರ್ ಪಾರ್ಕಿನ ಎಂಟನೇ ನಂಬರಿನ ಬಾಗಿಲಲ್ಲಿ ಒಬ್ಬ ಕುಡುಕ ಬಂದೂಕು ಹಿಡಿದು ನಿಂತಿದ್ದ. ಕೌಂಟಿಯ ಪೊಲೀಸರು ಮೂರು ಗುಂಡು ಹಾರಿಸಿದರು. ಎರಡು ಅವನಿಗೆ ತಗುಲಿದವು. ಮೂರನೆಯದು ಒಂಬತ್ತನೇ ನಂಬರಿನ ಮನೆಯನ್ನೂ ಹತ್ತನೇ ನಂಬರಿನ ಮನೆಯನ್ನೂ ತೂರಿಕೊಂಡು ಹನ್ನೊಂದಕ್ಕೆ ಹೋಗಿ, ಅಲ್ಲಿ ಒಲೆಯ ಮುಂದೆ ಮೊಟ್ಟೆ ಹುರಿಯುತ್ತಿದ್ದ ಆರ್ವಿಲ್ ಸ್ಕಾರ್‌ನನ್ನು ಕೊಂದಿತು. ಎಪ್ಪತ್ತೊಂದು ವರ್ಷದ ಮುದುಕ, ಹೈಸ್ಕೂಲಿನ ಬಸ್ಸು ಓಡಿಸಿದವನು. ಈ ಊರಿನಲ್ಲಿ ಅವನ ಬಸ್ಸು ಹತ್ತದವರು ಯಾರಿದ್ದಾರೆ? ಆಮೇಲೆ ಒಂದು ನಿಯಮ ಬಂತು. ಪಾರ್ಕಿನೊಳಗೆ, ಹಿಂದೆ ಮನೆಯಿರುವ ಕಡೆಗೆ ಗುಂಡು ಹಾರಿಸಕೂಡದು. ಸುತ್ತುವರಿಯಬೇಕು, ಅಕ್ಕಪಕ್ಕದವರನ್ನು ಹೊರಗೆ ತರಬೇಕು, ಕಾಯಬೇಕು. ಕಾಯುವುದೆಂದರೆ ಜನವರಿಯ ಹಿಮದಲ್ಲಿ ಆರು ಗಂಟೆ, ಎಂಟು ಗಂಟೆ. ಹಾಗೆ ಕಾದು ಹೋದ ವರ್ಷ ಲೈಲ್ ಎಂಬ ಪೊಲೀಸು ಎರಡು ಕಾಲ್ಬೆರಳು ಕಳೆದುಕೊಂಡ. ಷರೀಫನಿಗೆ ಆ ನಿಯಮ ಗಂಟಲ ಮುಳ್ಳಾಗಿತ್ತು. ಹೊಸ ಗುಂಡು ಗೋಡೆ ಹೊಕ್ಕರೆ ಸುಸ್ತಾಗಿ ಬೀಳುತ್ತದೆ, ಇನ್ನು ನಿಯಮ ಬೇಕಿಲ್ಲ ಎಂದು ಕಾಲ್ವರ್ಟ್ ಹೇಳಿದ್ದೇ ತಡ, ಷರೀಫ್ ಕುಣಿದಾಡಿಬಿಟ್ಟಿದ್ದ.

ಕಾಲ್ವರ್ಟ್ ತನ್ನ ವ್ಯಾನಿನಿಂದ ಗೋಡೆ ಇಳಿಸಿದ. ಮರದ ಚೌಕಟ್ಟಿನ ಎರಡೂ ಬದಿಗೆ ಹೊಸ ಪ್ಲಾಸ್ಟರ್ ಹಲಗೆ, ಅದಕ್ಕೆ ನೀಟಾಗಿ ಬಿಳಿ ಬಣ್ಣ. ಅಂಥವು ಎರಡು. ಅವುಗಳ ಹಿಂದೆ ಒಂದು ಬಿಳಿ ಕಾಗದ, ಅದರ ಹಿಂದೆ ಜೆಲಟಿನ್ ದಿಮ್ಮಿ. ವರ್ನಾ ಹಾರಿಸಿದಳು. ಕಾಗದದ ಮೇಲಿನ ತೂತು ಉದ್ದುದ್ದಕ್ಕಿತ್ತು. ಎಂದರೆ ಗುಂಡು ಅಡ್ಡ ತಿರುಗಿ ಹೋಗಿತ್ತು. ದಿಮ್ಮಿಯಲ್ಲಿ ಐದೇ ಅಂಗುಲ.

"ನೋಡಿದ್ರಾ ಷರೀಫ್ ಸಾಹೇಬ್ರೆ? ಗೋಡೆ ದಾಟೋ ಹೊತ್ತಿಗೆ ಅದರ ಜೀವನೇ ಹೋಗಿರುತ್ತೆ."

"ಇದು ಯಾರ ಮನೆ ಗೋಡೆ?" ಎಂದು ಕೇಳಿದಳು ವರ್ನಾ.

"ಯಾರ ಮನೆ ಅಂದ್ರೆ? ಸಾಮಾನ್ಯ ಮನೆ ಗೋಡೆ, ಮೇಡಂ. ಎಲ್ಲಾ ಕಡೆ ಇದನ್ನೇ ಇಡ್ತೀವಿ. ನಿಮ್ಮನೇದೂ ಇದೇ ಇರುತ್ತೆ."

"ನನ್ನ ಮನೇದು ಇದೇ. ಗೇಲನ್ ಮನೇದೂ ಇದೇ. ಗೇಲನ್, ನನ್ನ ಇಪ್ಪತ್ತೇಳು ವರ್ಷದಲ್ಲಿ ನಿಮ್ಮ ಬೀದಿಗೆ ಬಂದೂಕು ಹಿಡ್ಕೊಂಡು ಎಷ್ಟು ಸಲ ಹೋಗಿದೀವಿ?"

ಷರೀಫ್ ಕಾಫಿಯ ಉಳಿಕೆಯನ್ನು ನೆಲಕ್ಕೆ ಚೆಲ್ಲಿದ.

ವರ್ನಾ ತನ್ನ ಪಿಕಪ್ ಗಾಡಿಯ ಹಿಂದಿನ ತಾಡಪಾಲು ಎಳೆದಳು. ಒಳಗೆ ನಾಲ್ಕು ಗೋಡೆ ತುಂಡುಗಳಿದ್ದವು. ಹೊರಮೈಗೆ ತೆಳು ಅಲ್ಯೂಮಿನಿಯಂ ತಗಡು, ಒಳಮೈಗೆ ರಟ್ಟಿನಂತಹ ಮರದ ಹಾಳೆ, ನಡುವೆ ಹಳದಿ ಗಾಜಿನ ಉಣ್ಣೆ. ಪ್ರೇರಿ ರೋಸ್‌ನಲ್ಲಿ ಯಾರೂ ಇಲ್ಲದೆ ಪಾಳುಬಿದ್ದ ಟ್ರೇಲರಿನಿಂದ ಶನಿವಾರ ಕೊಯ್ದು ತಂದದ್ದು. ಗರಗಸ ಹಿಡಿದು ಕೊಯ್ದುಕೊಟ್ಟವಳು ಹತ್ತನೇ ನಂಬರಿನ ಡೋರೀನ್ ಪಾಕ್. ಆ ದಿನದ ಗುಂಡು ಅವಳ ಅಡಿಗೆಮನೆಯನ್ನು ಹಾದೇ ಹೋಗಿತ್ತು. ಏತಕ್ಕೆ ಎಂದು ಕೇಳಿದ್ದಕ್ಕೆ ವರ್ನಾ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಡೋರೀನ್ ಗರಗಸ ನಿಲ್ಲಿಸಿ, "ಅಂದ್ರೆ ಇನ್ಮೇಲೆ ನಾವು ಮಲಗಿದ್ರೂ ಹಾರಿಸ್ತಾರಾ?" ಎಂದಿದ್ದಳು. ಆ ಪ್ರಶ್ನೆಗೆ ಅಳೆಯದೆ ಉತ್ತರ ಕೊಡುವುದು ವರ್ನಾಳ ಜಾಯಮಾನವಲ್ಲ.

"ಇದು ಪರೀಕ್ಷೆ ಪಟ್ಟಿಯಲ್ಲಿ ಇಲ್ಲ," ಎಂದ ಕಾಲ್ವರ್ಟ್.

"'ಸಾಮಾನ್ಯ ಮನೆಯ ಗೋಡೆ' ಅಂತಿದೆ. ಈ ಕೌಂಟಿಯ ಅರ್ಧ ಜನಕ್ಕೆ ಸಾಮಾನ್ಯ ಮನೆ ಅಂದ್ರೆ ಇದೇ."

ನಾಲ್ಕು ಗೋಡೆಯನ್ನೂ ಸಾಲಾಗಿ ನಿಲ್ಲಿಸಿದಳು. ಎರಡು ಮನೆಗಳ ಲೆಕ್ಕ, ಒಂದನ್ನು ಹೊಕ್ಕು ಹೊರಬಿದ್ದು ಇನ್ನೊಂದನ್ನು ಹೊಕ್ಕು ಹೊರಬೀಳುವಷ್ಟು. ಪ್ರತಿ ಗೋಡೆಯ ಹಿಂದೆಯೂ ಕಾಗದ ಅಂಟಿಸಿದಳು. ಕೊನೆಯಲ್ಲಿ ಹೊಸ ದಿಮ್ಮಿ. ಕಿವಿ ಮುಚ್ಚಿಕೊಂಡು ಮೂರು ಸುತ್ತು ಹಾರಿಸಿದಳು.

ಮೊದಲ ಮೂರು ಕಾಗದದಲ್ಲಿ ಪೆನ್ಸಿಲಿನಿಂದ ಚುಚ್ಚಿದಂತೆ ದುಂಡನೆಯ ತೂತುಗಳು. ನಾಲ್ಕನೆಯದರಲ್ಲಿ ತುಸು ಓರೆ. ದಿಮ್ಮಿಯಲ್ಲಿ ಹನ್ನೊಂದು, ಹನ್ನೊಂದೂವರೆ, ಹನ್ನೆರಡು. ಆ ತೆಳು ಗೋಡೆಗಳಲ್ಲಿ ಗುಂಡನ್ನು ತಿರುಗಿಸುವಷ್ಟು ಗಟ್ಟಿಯಾದದ್ದೇ ಏನೂ ಇರಲಿಲ್ಲ. ಮರ್ಯಾದೆಗೆ ನಿಂತ ಗೋಡೆಗಳು. ವರ್ನಾ ಹಳೆಯ ಪಿಸ್ತೂಲು ತೆಗೆದು ಅದರಲ್ಲೂ ಮೂರು ಹಾರಿಸಿದಳು. ಮಣಿಕಟ್ಟು ಹಿಡಿದುಕೊಂಡಳು. ಆ ಗುಂಡುಗಳೂ ನಾಲ್ಕೂ ಗೋಡೆ ದಾಟಿದ್ದವು.

"ಹಂಗಾದ್ರೆ ಹೊಸದೇನೂ ಕೆಟ್ಟದ್ದಲ್ವಲ್ಲಾ!" ಎಂದು ಷರೀಫ್ ಕೈ ಚಾಚಿದ. "ಎರಡೂ ಒಂದೇ!"

"ಒಂದೇ. ಅದಕ್ಕೇ ನಿಯಮ ಇರೋದು. ಇದು ಹಳೇದಕ್ಕಿಂತ ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳಲ್ಲ. ಪಿಸ್ತೂಲು ತಗೋ, ಒಳ್ಳೇದು. ನಿಯಮ ಮುಟ್ಟಬೇಡ."

ಷರೀಫ್ ಕೋಟಿನೊಳಗಿಂದ ಒಂದು ಕಾಗದ ತೆಗೆದ. ಪರೀಕ್ಷೆಯ ವರದಿ. ಆಗಲೇ ಟೈಪಾಗಿತ್ತು! ಕೆಳಗೆ ಅವಳ ಹೆಸರಿತ್ತು, ಅಂಕಿಗಳಿಗೂ ಸಹಿಗೂ ಜಾಗ ಬಿಟ್ಟಿತ್ತು. ಕೊನೆಯ ಸಾಲು, "ಗೋಡೆಯಾಚೆಗಿನ ಅಪಾಯ ನಿವಾರಣೆಯಾಗಿರುವುದರಿಂದ ಪ್ರೇರಿ ರೋಸ್ ನಿಯಮದ ಅಗತ್ಯವಿರುವುದಿಲ್ಲ." ಬೆಳಗ್ಗೆ ಏಳಕ್ಕೆ ಬಂದು, ದಿಮ್ಮಿ ತಣ್ಣಗಿದೆಯೇ ಎಂದು ನೋಡಿ, ಒಂದೊಂದು ಗುಂಡಿನ ವೇಗ ಬರೆದುಕೊಂಡು ನಿಂತವಳು ಅವಳು. ಇಲ್ಲಿ ನೋಡಿದರೆ ಮದುವೆಗೆ ಮುಂಚೆಯೇ ಮಗುವಿಗೆ ಹೆಸರಿಟ್ಟಾಗಿತ್ತು. ವರ್ನಾಳ ಮುಖಕ್ಕೆ ರಕ್ತ ನುಗ್ಗಿತು.

"ನನ್ನ ಕೈಲಿ ಅಳೆಸೋಕೆ ಮುಂಚೆ ನೀನೇ ಬರೆಸಿದ್ಯಾ? ಹಂಗಾದ್ರೆ ನನ್ನ ಯಾಕೆ ಕರೆದೆ? ದಿಮ್ಮಿ ಹೊರೋಕಾ?"

"ಲೈಲ್‌ನ ಕಾಲು ನೋಡಿದೀಯಾ ನೀನು? ಆಸ್ಪತ್ರೇಲಿ ಅವನ ಹೆಂಡ್ತಿ ಮುಖ ನೋಡಿದೀಯಾ? ನಾನು ನೋಡಿದೀನಿ."

"ನೋಡಿದೀನಿ. ಎರಡು ಬೆರಳು. ಬೂಟು ಬೇಕು ಅಂತ ಬರಿ, ಬಿಸಿ ಡೇರೆ ಬೇಕು ಅಂತ ಬರಿ, ಸಾವಿರ ಸಹಿ ಹಾಕ್ತೀನಿ. ಹನ್ನೊಂದನೇ ನಂಬರಿನ ಆರ್ವಿಲ್‌ದು ಬೆರಳು ಹೋಗಿದ್ದಲ್ಲ ಗೇಲನ್."

"ಅಕ್ಟೋಬರಲ್ಲಿ ನೀನು ಯಾವ ಪಿಸ್ತೂಲಲ್ಲಿ ಪರೀಕ್ಷೆ ಕೊಡ್ತೀಯಾ ಅಂತ ಸ್ವಲ್ಪ ಯೋಚನೆ ಮಾಡು," ಎಂದ ಷರೀಫ್, ದನಿ ತಗ್ಗಿಸಿ. ಅದನ್ನು ಹೇಳುವಾಗ ಅವಳ ಮುಖ ನೋಡಲಿಲ್ಲ. ಅಷ್ಟಾದರೂ ನಾಚಿಕೆ ಅವನಲ್ಲಿ ಉಳಿದಿತ್ತು.

ವರ್ನಾ ಪೆನ್ನು ತೆಗೆದು ಬೆಳಗಿನ ಅಂಕಿಗಳನ್ನು ತುಂಬಿ, ಕೊನೆಯ ಸಾಲನ್ನು ಹೊಡೆದುಹಾಕಿದಳು. ಇನ್ನೊಂದು ಹಾಳೆಯಲ್ಲಿ ನಾಲ್ಕು ಗೋಡೆಯ ಅಂಕಿಗಳನ್ನು, ಹೊಸದರದೂ ಹಳೆಯದರದೂ, ಬರೆದಳು. ಕೆಳಗೆ, "ಪಿಸ್ತೂಲು ಉತ್ತಮ. ನಿಯಮ ಇರಲೇಬೇಕು," ಎಂದು ಸೇರಿಸಿ ಎರಡೂ ಹಾಳೆಗೆ ಸಹಿ ಹಾಕಿ ಕೊಟ್ಟಳು. ಕಾಲ್ವರ್ಟ್ ತನ್ನ ಬಿಳಿ ಗೋಡೆಗಳನ್ನು ವ್ಯಾನಿಗೆ ತುಂಬುತ್ತಿದ್ದ. ಆ ಕಡೆ ತಿರುಗಿಯೂ ನೋಡಲಿಲ್ಲ.

ಮಂಗಳವಾರ ಸಂಜೆ ಐದಕ್ಕೆ ನ್ಯಾಯಾಲಯದ ಕಟ್ಟಡದಲ್ಲಿ ಕೌಂಟಿಯ ಆಡಳಿತ ನೋಡುವ ಕಮಿಷನರುಗಳ ಸಭೆ. ಮೂವರು ಕಮಿಷನರು, ಬರೆದುಕೊಳ್ಳಲು ಗುಮಾಸ್ತೆ ಮಿಸೆಸ್ ನೈಕ್ವಿಸ್ಟ್. ಷರೀಫ್ ಎದ್ದು ವರದಿ ಓದಿದ. ಹದಿಮೂರೂವರೆ ಅಂಗುಲ ಓದಿದ, ಇಪ್ಪತ್ತಕ್ಕೆ ಇಪ್ಪತ್ತು ಓದಿದ, ಹೊಡೆದುಹಾಕಿದ ಕೊನೆಯ ಸಾಲನ್ನು ಮಾತ್ರ ಹಾರಿಸಿದ. "ಪರೀಕ್ಷಕರ ಸಹಿ ಇದೆ. ಆದ್ದರಿಂದ ಹೊಸ ಪಿಸ್ತೂಲು ಕೊಂಡು, ಹಳೆ ನಿಯಮ ತೆಗೆಯೋಣ ಅಂತ ನನ್ನ ಕೋರಿಕೆ," ಎಂದು ಕುಳಿತ. ಅವನ ಕೈಯಲ್ಲಿ ಇದ್ದದ್ದು ಒಂದೇ ಹಾಳೆ.

ಹಿಂದಿನ ಸಾಲಿನಿಂದ ವರ್ನಾ ಎದ್ದಳು. "ಎರಡನೇ ಹಾಳೆ ಎಲ್ಲಿ?"

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. "ವರ್ನಾ, ಇಲಾಖೆಯವರು ಮಾತಾಡೋದಾದ್ರೆ ಷರೀಫ್ ಮೂಲಕ ಬರಬೇಕು. ನಿಂಗೆ ಗೊತ್ತಲ್ಲ."

"ನಾನು ಇವತ್ತು ರಜೆ. ರಜಾ ಚೀಟಿ ಅವರ ಮೇಜಿನ ಮೇಲಿದೆ. ಊರಿನವಳಾಗಿ ಬಂದಿದೀನಿ."

ಯಾರೋ ಕಿಸಕ್ಕನೆ ನಕ್ಕರು. ಊರಿನವರು ಮಾತಾಡಲು ಸಭೆಯಲ್ಲಿ ಒಂದು ಪದ್ಧತಿಯಿದೆ. ಮೈಕಿನ ಮುಂದೆ ನಿಂತು ಹೆಸರು, ವಿಳಾಸ ಹೇಳಬೇಕು. ಆಮೇಲೆ ಮೂರು ನಿಮಿಷ. ಮೂರು ನಿಮಿಷ ಕೊಡೆನೆನ್ನುವ ಹಕ್ಕು ಅಧ್ಯಕ್ಷರಿಗೂ ಇಲ್ಲ. ವರ್ನಾ ಹೆಸರು, ವಿಳಾಸ ಹೇಳಿದಳು. ಅಂಕಿಗಳು ಅವಳಿಗೆ ಬಾಯಿಪಾಠವಾಗಿದ್ದವು. ನಾಲ್ಕು ಗೋಡೆ, ಮೂರು ಸುತ್ತು, ಹನ್ನೊಂದು, ಹನ್ನೊಂದೂವರೆ, ಹನ್ನೆರಡು. ಎರಡು ನಿಮಿಷಕ್ಕೆ ಮುಗಿಯಿತು.

"ಇನ್ನೂ ಒಂದು ನಿಮಿಷ ಇದೆ," ಎಂದರು ಅಧ್ಯಕ್ಷರು, ಗಡಿಯಾರ ನೋಡಿ.

"ಸಾಕು. ನನ್ನ ಹಿಂದೆ ಜನ ಇದಾರೆ."

ಆಗಲೇ ಎಲ್ಲರೂ ಹಿಂತಿರುಗಿ ನೋಡಿದ್ದು. ಬಾಗಿಲಿನಿಂದ ಮೈಕಿನವರೆಗೆ ಒಂದು ಸಾಲು ನಿಂತಿತ್ತು. ಕೆಲಸದ ಬೂಟಿನಲ್ಲಿ ಬಂದವರು, ಹೋಟೆಲಿನ ಏಪ್ರನ್ನಿನಲ್ಲೇ ಬಂದವರು, ಮಗುವನ್ನು ಸೊಂಟದಲ್ಲಿಟ್ಟುಕೊಂಡವರು. ಡೋರೀನ್ ಅವರನ್ನು ಮನೆಯ ಸಾಲಿನಂತೆಯೇ ನಿಲ್ಲಿಸಿದ್ದಳು. ಷರೀಫ್ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಅದರ ಅಂಚನ್ನೇ ನೋಡುತ್ತಿದ್ದ.

"ಹೆಸರು, ವಿಳಾಸ?" ಎಂದಳು ಮಿಸೆಸ್ ನೈಕ್ವಿಸ್ಟ್, ತಲೆಯೆತ್ತದೆ.

"ವೆಂಡೆಲ್ ಗ್ರೋವ್. ಪ್ರೇರಿ ರೋಸ್, ಏಳನೇ ನಂಬರು."

"ಟೀನಾ ಬುಲ್ಲಿಸ್. ಪ್ರೇರಿ ರೋಸ್, ಎಂಟು. ಮನೆಗೆ ಹೊಸಬಳು ನಾನು."

"ಹೆಕ್ಟರ್ ಸಾಲಿನಾಸ್. ಒಂಬತ್ತು. ನಮ್ಮನೆ ಗೋಡೆ ತೂತಿಗೆ ಇನ್ನೂ ಟೇಪೇ ಅಂಟಿಸಿದೀವಿ."

"ಡೋರೀನ್ ಪಾಕ್. ಹತ್ತು."

ಡೋರೀನ್‌ಳ ಹಿಂದೆ ನಿಂತಿದ್ದ ಹೆಂಗಸು ಮೈಕಿನ ಬಳಿಗೆ ಬಂದಳು. "ಲೂಯೆಲಾ ಫಿಂಚ್," ಎಂದಳು. "ಪ್ರೇರಿ ರೋಸ್, ಹನ್ನೆರಡು."

ಮಿಸೆಸ್ ನೈಕ್ವಿಸ್ಟ್‌ಳ ಪೆನ್ನು ಒಂದು ಕ್ಷಣ ನಿಂತಿತು. ಹತ್ತರ ಕೆಳಗೆ ಒಂದು ಸಾಲು ಖಾಲಿ ಬಿಟ್ಟು, ಅವಳು ಹನ್ನೆರಡು ಎಂದು ಬರೆದಳು.