ಸ್ವಂತ ಖರ್ಚಿನ ಪುಸ್ತಕ

ಬೆಂಗಳೂರಿನ ಪ್ರಕಾಶಕರೊಬ್ಬರು ಹೇಮಾಕ್ಷಿಯ ಕಥೆಗಳನ್ನು ಎರಡು ವರ್ಷ ಇಟ್ಟುಕೊಂಡು, ಆಗುವುದಿಲ್ಲ ಎಂದೂ ಹೇಳದೆ, ಕೊನೆಗೆ ಫೋನ್ ಎತ್ತುವುದನ್ನೇ ಬಿಟ್ಟರು. ಹೇಮಾಕ್ಷಿಗೆ ಹಟ ಬಂತು. ದಾವಣಗೆರೆಯಲ್ಲಿದ್ದ ತಮ್ಮ ಅನಿರುದ್ಧನಿಗೆ ಹೇಳಿ ಅಲ್ಲಿನ ಪ್ರೆಸ್ಸಿನಲ್ಲಿ ತಾನೇ ಅಚ್ಚು ಹಾಕಿಸಿದಳು. ಬರೆದವಳೂ ಅವಳೇ, ತಿದ್ದಿದವಳೂ ಅವಳೇ, ಪ್ರಕಾಶಕಿಯೂ ಅವಳೇ. ಈ ಕಥೆ ಬೇಡ ಕಣಮ್ಮಾ ಎನ್ನುವ ಪ್ರಾಣಿ ನಡುವೆ ಒಂದೂ ಇರಲಿಲ್ಲ. ಆಗ ಅದು ಅವಳಿಗೆ ದೊಡ್ಡ ಸ್ವಾತಂತ್ರ್ಯವಾಗಿ ಕಂಡಿತ್ತು.

2017ರ ಬೇಸಿಗೆಯಲ್ಲಿ ಪುಸ್ತಕದ ಪೆಟ್ಟಿಗೆಗಳು ಲಾರಿಯಲ್ಲಿ ವಿಜಯವಾಡದ ಅವಳ ಮನೆಗೆ ಬಂದಿಳಿದವು. ಗಂಡ ಕೃಷ್ಣಚೈತನ್ಯ ಅಪ್ಪಟ ತೆಲುಗಿನವನು, ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್. ಇಷ್ಟನ್ನೂ ಎಲ್ಲಿಡುವುದು ಎಂದು ಅವನು ತಲೆ ಕೆರೆದುಕೊಂಡ. ಅತ್ತೆ ಸೂರ್ಯಕಾಂತಮ್ಮ ಒಂದೇ ಮಾತಿಗೆ ತಮ್ಮ ಮಂಚದ ಕೆಳಗೆ ಜಾಗ ಮಾಡಿಕೊಟ್ಟರು. ಮೊದಲ ಪ್ರತಿಯನ್ನು ಇಂದ್ರಕೀಲಾದ್ರಿ ಬೆಟ್ಟ ಹತ್ತಿಸಿ ಅಲ್ಲಿನ ದೇವಿ ಅಮ್ಮನವರ ಪಾದಕ್ಕೆ ಮುಟ್ಟಿಸಿ ತಂದರು. ಭಜನೆಯ ಗೆಳತಿಯರಿಗೆಲ್ಲ "ನಮ್ಮ ಸೊಸೆ ಬರೆದದ್ದು" ಎಂದು ಒಂದೊಂದು ಹಂಚಿದರು. ಕನ್ನಡದ ಗಂಧವೂ ಇಲ್ಲದ ಆ ಹೆಂಗಸರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಒಯ್ದು ಟೀವಿಯ ಮೇಲಿಟ್ಟರು. ಪಾಪ, ಅದರೊಳಗೆ ಏನಿದೆಯೆಂದು ಅವರಿಗೇನು ಗೊತ್ತು!

ಒಳಗಿದ್ದುದು ಹೀಗೆ. ಕೆಲವು ವರ್ಷದ ಹಿಂದೆ ಒಂದು ಮಧ್ಯಾಹ್ನ ಹೇಮಾಕ್ಷಿ ತಾನು ಪಾಠ ಹೇಳುವ ಶಾಲೆಯಿಂದ ಬೇಗ ಮನೆಗೆ ಬಂದಿದ್ದಳು. ಅತ್ತೆಯ ಕೋಣೆಯ ಬಾಗಿಲು ಓರೆಯಾಗಿತ್ತು. ಗಂಡ ತೀರಿಕೊಂಡಂದಿನಿಂದ ಬರಿ ಹಣೆಯಲ್ಲೇ ಇದ್ದ ಸೂರ್ಯಕಾಂತಮ್ಮ ಕನ್ನಡಿಯ ಮುಂದೆ ನಿಂತಿದ್ದರು. ಹಣೆಯಲ್ಲಿ ಕುಂಕುಮ, ತುರುಬಿನಲ್ಲಿ ಮಲ್ಲಿಗೆ. ತಲೆಯನ್ನು ಅತ್ತ ಇತ್ತ ಹೊರಳಿಸಿ ನೋಡಿಕೊಂಡರು. ಆಮೇಲೆ ಸೆರಗಿನಿಂದ ಹಣೆ ಒರೆಸಿ, ಹೂವನ್ನು ಕಿಟಕಿಯಾಚೆ ಎಸೆದು, ಏನೂ ನಡೆದಿಲ್ಲವೆಂಬಂತೆ ಜಪಮಾಲೆ ಹಿಡಿದು ಕೂತರು. ಹೇಮಾಕ್ಷಿ ಬೆಕ್ಕಿನ ಹೆಜ್ಜೆಯಲ್ಲಿ ಹೊರಗೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು, ಗೇಟು ಸದ್ದು ಮಾಡಿಕೊಂಡು ಬಂದಳು.

ಅಷ್ಟಕ್ಕೇ ಬಿಟ್ಟಿದ್ದರೆ ಒಳ್ಳೆಯ ಸೊಸೆ ಎನಿಸಿಕೊಳ್ಳುತ್ತಿದ್ದಳು. ಬಿಡಲಿಲ್ಲ, ಕಥೆ ಬರೆದಳು. ಅದೂ ನಗೆಕಥೆ. ಕಥೆಯ ಮುದುಕಿ ಕನ್ನಡಿಗೆ ಕಣ್ಣು ಹೊಡೆಯುತ್ತಾಳೆ, ಸತ್ತ ಗಂಡನ ಪಟದ ಮುಂದೆ ನಾಚಿ ಸೆರಗು ಕಚ್ಚುತ್ತಾಳೆ, ಹಾಲಿನವನ ದನಿ ಕೇಳಿ ಕುಂಕುಮವನ್ನು ಮೂಗಿಗೆಲ್ಲ ಬಳಿದುಕೊಳ್ಳುತ್ತಾಳೆ. ಹೆಸರು ಬದಲಿಸಿದ್ದಳು. ಬಲಗೆನ್ನೆಯ ಮಚ್ಚೆಯನ್ನು ಮಾತ್ರ ಹಾಗೆಯೇ ಇಟ್ಟಿದ್ದಳು, ಚೆನ್ನಾಗಿದೆ ಎಂದು. ಈ ಮನೆಯಲ್ಲಿ ಕನ್ನಡ ಓದುವವರು ಯಾರಿದ್ದಾರೆ ಎಂಬುದೇ ಅವಳ ಧೈರ್ಯ.

ನವೆಂಬರಿನಲ್ಲಿ, ಪುಸ್ತಕ ತರಿಸಿಕೊಂಡು ಓದಿದ್ದ ವಿಶಾಖಪಟ್ಟಣದ ಕನ್ನಡ ಬಳಗದವರು ರಾಜ್ಯೋತ್ಸವಕ್ಕೆ ಕರೆದರು. ಸೂರ್ಯಕಾಂತಮ್ಮ ತಾವೂ ಬರುವುದಾಗಿ ಹಟ ಹಿಡಿದು ರೇಷ್ಮೆ ಸೀರೆ ಉಟ್ಟು ಹೊರಟರು. ಸಭೆಯ ತುಂಬ ಔಷಧ ಕಂಪನಿಗಳ, ಆಸ್ಪತ್ರೆಗಳ ಹುಡುಗ ಹುಡುಗಿಯರು. ಅಧ್ಯಕ್ಷ ಶೇಷಗಿರಿಯವರು ಹೇಮಾಕ್ಷಿಗೆ ಶಾಲು ಹೊದಿಸಿದರು. ಯಾವ ಪ್ರಕಾಶಕನ ಹಂಗೂ ಇಲ್ಲದೆ ದಕ್ಕಿದ ಶಾಲು! ಅವಳ ಕಣ್ಣು ತುಂಬಿ ಬಂತು.

ಋಷಿಕೊಂಡದ ಐಟಿ ಆಫೀಸಿನ ಅಪೂರ್ವ ಎಂಬ ಹುಡುಗಿ ಎದ್ದು ನಿಂತಳು. "ಮೇಡಂ, ಆ ಕನ್ನಡಿ ಕಥೆ ಓದ್ರೀ ಪ್ಲೀಸ್! ನಮ್ಮ ಪೀಜೀಲಿ ಎಲ್ರೂ ಬಿದ್ದು ಬಿದ್ದು ನಕ್ಕಿದೀವಿ."

ಹೇಮಾಕ್ಷಿ ಮುಂದಿನ ಸಾಲಿನತ್ತ ನೋಡಿದಳು. ಸೂರ್ಯಕಾಂತಮ್ಮ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದರು. ಓದಲು ಶುರುಮಾಡಿದಳು. ಮೊದಲ ಪುಟಕ್ಕೇ ಸಭೆ ನಗತೊಡಗಿತು. ಎರಡನೆಯ ಪುಟಕ್ಕೆ ತಿರುಗಿಸುವಾಗ ಕಣ್ಣು ತಾನಾಗಿ ಕೆಳಗೆ ಹೋಯಿತು. ಅತ್ತೆಯ ತೊಡೆಯ ಮೇಲೆ ಪುಸ್ತಕ ತೆರೆದಿತ್ತು. ಸಾಲಿನ ಕೆಳಗೆ ಬೆರಳಿತ್ತು, ತುಟಿ ಅಲುಗುತ್ತಿತ್ತು. ಅವಳು ಪುಟ ತಿರುಗಿಸಿದಾಗ ಅವರೂ ತಿರುಗಿಸಿದರು.

ತೆಲುಗಿನ ಅಕ್ಷರ ಬಲ್ಲವರಿಗೆ ಕನ್ನಡದ ಅಕ್ಷರ ಎಷ್ಟು ದೂರ? ನಾಲ್ಕಾರು ದಿನ ಕಣ್ಣು ಕಿರಿದು ಮಾಡಿದರೆ ಸಾಕು. ಮಾತೋ, ಹೇಮಾಕ್ಷಿಯೇ ಹನ್ನೆರಡು ವರ್ಷದಿಂದ ದಿನಾ ಸಂಜೆ ತವರಿಗೆ ಫೋನ್ ಮಾಡಿ ಕಲಿಸಿದ್ದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ಗಂಟಲು ಕೆಟ್ಟಿದೆ ಎಂದರೂ ಸಾಕಿತ್ತು. ಆದರೆ ಜನ ಮುಂದಿನ ಸಾಲಿಗೆ ಕಾಯುತ್ತಿದ್ದರು, ಅವಳ ಜನ್ಮದಲ್ಲಿ ಯಾರೂ ಹಾಗೆ ಕಾದಿರಲಿಲ್ಲ. ನಾಚಿಕೆಗೇಡು, ಕೊನೆಯವರೆಗೂ ಓದಿದಳು. ಹಾಲಿನವನ ಭಾಗಕ್ಕೆ ದನಿಯನ್ನೂ ಬದಲಿಸಿದಳು.

ತಂದ ಪ್ರತಿಗಳೆಲ್ಲ ಅಲ್ಲೇ ಖಾಲಿಯಾದವು. ಸಹಿ ಹಾಕುವಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ.

ಮರುದಿನ ಮಧ್ಯಾಹ್ನದ ರತ್ನಾಚಲ್ ಎಕ್ಸ್‌ಪ್ರೆಸ್‌ನಲ್ಲಿ ಇಬ್ಬರೂ ಎದುರುಬದುರು ಕೂತಿದ್ದರು. ಸೂರ್ಯಕಾಂತಮ್ಮ ಪುಳಿಯೋಗರೆಯ ಡಬ್ಬಿ ಬಿಚ್ಚಿ ಸೊಸೆಗೇ ಮೊದಲು ಬಡಿಸಿದರು. ಅವಳು ಅದನ್ನು ಬೆರಳಲ್ಲಿ ಕಲಸುತ್ತ ಕೂತಳು. ರಾಜಮಂಡ್ರಿ ಬಂತು. ಸೇತುವೆಯ ಮೇಲೆ ಅವರು ಗೋದಾವರಿಗೆ ಕೈಮುಗಿದರು.

"ಅತ್ತಯ್ಯಾ, ಆ ಕಥೆ..." ಎಂದಳು ಹೇಮಾಕ್ಷಿ ತೆಲುಗಿನಲ್ಲಿ.

ಸೂರ್ಯಕಾಂತಮ್ಮ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಪೆಟ್ಟಿಗೆ ಬಂದ ವಾರ ಓದಿದೆ," ಎಂದರು. ಅವರ ಬಾಯಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು. ಒಂದೊಂದೇ ಮಾತನ್ನು ಹುಡುಕಿ ಆಡುತ್ತಿದ್ದರು. "ನೀನು ನನ್ನ ಹತ್ತಿರ ಬಂದು ಹೇಳ್ತೀಯ ಅಂತ ನೋಡಿದೆ. ನಾನು ಸೊಸೆಯಾಗಿದ್ದಾಗ ಮಾವಯ್ಯ ಬಾಗಿಲ ಹತ್ತಿರ ಬಂದರೆ ಕೆಮ್ಮತಾ ಇದ್ದರು. ನೀನೂ ಒಂದು ಸಲ ಕೆಮ್ಮಬಹುದಿತ್ತು ಕದಾ, ಅಮ್ಮಾಯಿ."

ಬೈದಿದ್ದರೆ ಅವಳು ಬದುಕುತ್ತಿದ್ದಳು. ಪಕ್ಕದ ಪ್ರಯಾಣಿಕರು ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ ಹೇಮಾಕ್ಷಿ ಅತ್ತುಬಿಟ್ಟಳು. ಸೂರ್ಯಕಾಂತಮ್ಮ ಡಬ್ಬಿಯ ಮುಚ್ಚಳ ಹಾಕಿದರು.

ಮುಂದಿನ ವಾರ ಶೇಷಗಿರಿಯವರ ಫೋನ್ ಬಂತು. ಇನ್ನೂ ಪುಸ್ತಕ ಕಳಿಸಿ, ಜನ ಕೇಳುತ್ತಿದ್ದಾರೆ ಎಂದರು. ಯಾವ ಮಾತಿಗಾಗಿ ವರ್ಷಗಟ್ಟಲೆ ಕಿವಿ ತೆರೆದಿದ್ದಳೋ ಅದೇ ಮಾತು. "ಎಲ್ಲಾ ಮುಗದಾವ್ರಿ ಸರ್," ಎಂದಳು ಹೇಮಾಕ್ಷಿ. ಮಂಚದ ಕೆಳಗಿನ ಪೆಟ್ಟಿಗೆಗಳು ಅವಳಿಗೆ ಕಾಣುತ್ತಲೇ ಇದ್ದವು.

ಒಂದು ಮಧ್ಯಾಹ್ನ ಮತ್ತೆ ಶಾಲೆ ಬೇಗ ಬಿಟ್ಟಿತು. ಬರುವ ದಾರಿಯಲ್ಲಿ ಒಂದು ಮೊಳ ಮಲ್ಲಿಗೆ ಕೊಂಡಳು. ಹೇಗೆ ಕೊಡಬೇಕೆಂದು ತಿಳಿದಿರಲಿಲ್ಲ, ಆದರೂ ಕೊಂಡಳು. ಮನೆಯ ಮೆಟ್ಟಿಲ ಬಳಿ ನಿಂತು, ಬೀದಿಗೆಲ್ಲ ಕೇಳುವಂತೆ ಕೆಮ್ಮಿದಳು. ಕಾದಳು. ಇನ್ನೊಮ್ಮೆ ಕೆಮ್ಮಿದಳು.

"ಬಾ ಅಮ್ಮಾಯಿ," ಎಂದು ಒಳಗಿನಿಂದ ಕನ್ನಡದಲ್ಲೇ ದನಿ ಬಂತು. "ಬಾಗಿಲು ತೆಗೆದೇ ಇದೆ."

ಸೂರ್ಯಕಾಂತಮ್ಮ ನಡುಮನೆಯಲ್ಲಿ ಬರಿ ಹಣೆಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಅವರ ಕೋಣೆಯ ಕನ್ನಡಿ ಇಳಿದು ಬಂದು ಹೇಮಾಕ್ಷಿಯ ಕೋಣೆಯ ಗೋಡೆಗೆ ಒರಗಿ ನಿಂತಿತ್ತು. ಅವಳ ಕೈಯಲ್ಲಿದ್ದ ಹೂವಿನ ಪೊಟ್ಟಣವನ್ನು ಅವರು ಒಂದು ಗಳಿಗೆ ನೋಡಿದರು.

"ಇನ್ನು ಕೆಮ್ಮೋದು ಬೇಡ," ಎಂದರು. "ನಾನು ಈಗ ಏನೂ ಮಾಡೋದಿಲ್ಲ."